ಬೇಸಿಗೆಯಲ್ಲಿ ನಮ್ಮ ಮನೆಯ ಪಾದಗಳು

ಹೋಳಿ ಹುಣ್ಣಿಮೆ ದಾಟಿದರೆ ನಮ್ಮ ಮನೆಯ ಚಪ್ಪಲಿ ಸ್ಟ್ಯಾಂಡ್ ಬದಲಾಗುತ್ತದೆ. ಗಟ್ಟಿ ಚರ್ಮದ ಶೂಗಳೆಲ್ಲ ಅಟ್ಟ ಸೇರುತ್ತವೆ. ಮೆತ್ತನೆಯ ಕ್ಯಾನ್ವಾಸ್ ಶೂ, ಅಗಲ ಪಟ್ಟಿಯ ಚಪ್ಪಲಿ ಕೆಳಗೆ ಬರುತ್ತವೆ. ಕಾಲುಚೀಲಗಳನ್ನು ಒಳಮೈ ಹೊರಗೆ ಮಾಡಿ ಮಡಿಚಿಡುತ್ತೇನೆ. ಹೊಲಿಗೆಯ ಗೆರೆ ಬೆರಳಿಗೆ ತಾಗಬಾರದು, ಅದಕ್ಕೆ. ಮೆಡಿಕಲ್ ಶಾಪಿನಿಂದ ಸ್ಟೆರೈಲ್ ಸೂಜಿ, ಗಾಯಕ್ಕೆ ಅಂಟದ ಪ್ಯಾರಾಫಿನ್ ಗಾಜ್ ಬಟ್ಟೆ, ಸುತ್ತುವ ಬ್ಯಾಂಡೇಜ್ ಬರುತ್ತವೆ. ಬೇರೆ ಮನೆಗಳಲ್ಲಿ ಹಪ್ಪಳ, ಸಂಡಿಗೆಯ ತಯಾರಿ ನಡೆಯುವ ಹೊತ್ತಿಗೆ ನಮ್ಮಲ್ಲಿ ನಡೆಯುವುದು ಪಾದಗಳ ತಯಾರಿ.

ನನಗೂ ನನ್ನ ಮಗಳಿಗೂ ಎಪಿಡರ್ಮೊಲೈಸಿಸ್ ಬುಲ್ಲೋಸಾ ಸಿಂಪ್ಲೆಕ್ಸ್ ಇದೆ. ಉದ್ದ ಹೆಸರು, ಹಾಗಾಗಿ ಎಲ್ಲರೂ ಇ.ಬಿ. ಅನ್ನುತ್ತಾರೆ. ಹುಟ್ಟಿನಿಂದಲೇ ಬರುವ ಚರ್ಮದ ಕಾಯಿಲೆ. ಉಜ್ಜಿದ ಕಡೆ ನೀರು ತುಂಬಿದ ಗುಳ್ಳೆ ಏಳುತ್ತದೆ. ಅಂಟುವ ಕಾಯಿಲೆ ಅಲ್ಲ. ಇ.ಬಿ.ಯಲ್ಲಿ ಬಹಳ ಕಠಿಣವಾದ ಬಗೆಗಳಿವೆ, ಎಳೆ ಮಗುವಿನ ಬಾಯಿ, ಗಂಟಲಲ್ಲೂ ಗುಳ್ಳೆ ಏಳುವಂಥವು. ನಮ್ಮದು ಸೌಮ್ಯವಾದದ್ದು. ಹೆಚ್ಚಾಗಿ ಅಂಗಾಲು, ಸ್ವಲ್ಪ ಅಂಗೈ. ಕಲೆ ಉಳಿಯದೆ ವಾಸಿಯಾಗುತ್ತದೆ. ಚಳಿಗಾಲದಲ್ಲಿ ನಮ್ಮನ್ನು ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಬಸ್ ಸ್ಟಾಪಿನವರೆಗೆ ನಡೆದು ಬಂದರೂ ಸಂಜೆಗೆ ಹಿಮ್ಮಡಿಯ ಅಂಚಿನಲ್ಲಿ ಗುಳ್ಳೆ ನಿಂತಿರುತ್ತದೆ.

ನಾನು ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ. ಅಲ್ಲಿಯ ಬಿಸಿಲಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಅಲ್ವಾ? ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಬೇಸಿಗೆ ಬಂತೆಂದರೆ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಬದಲಾಯಿಸುತ್ತಾರೆ. ಬಿಸಿಲು ಕೆಲಸಕ್ಕೆ ಅಡ್ಡಿ ಅಂತ ಸರ್ಕಾರವೇ ಒಪ್ಪಿದ ಸೀಮೆ ಅದು. ಅಂಥ ಊರಿನಲ್ಲೂ ನನ್ನ ಅಪ್ಪ “ಬಿಸಿಲಿಗೆ ನಡೆಯಲಾರೆ” ಅಂದರೆ ಜನ ನಂಬುತ್ತಿರಲಿಲ್ಲ.

ನಮಗೆ ಈ ಕಾಲು ಬಂದದ್ದು ಅಪ್ಪನಿಂದ. ಅಪ್ಪನಿಗೆ ಅವರ ಅವ್ವನಿಂದ. ಮನೆತನದ ಕಸುಬು ಒಕ್ಕಲುತನ, ಆದರೆ ಅಣ್ಣತಮ್ಮಂದಿರಲ್ಲಿ ಹೊಲಕ್ಕೆ ಹೋಗದವರು ಅಪ್ಪ ಒಬ್ಬರೇ. ಕುಂಟೆ ಹಿಡಿದರೆ ಅಂಗೈ ಗುಳ್ಳೆ, ಸಾಲು ನಡೆದರೆ ಅಂಗಾಲು ಗುಳ್ಳೆ. ಅಜ್ಜ ಅದನ್ನು ನೋಡಿ ಅವರನ್ನು ಓದಿಗೆ ಹಾಕಿದರು. ಹತ್ತಿ ಮಾರ್ಕೆಟ್ಟಿನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಗಾದಿಯ ಮೇಲೆ ಕುಳಿತು ಮಾಡುವ ಕೆಲಸ.

ಬೇಸಿಗೆಯಲ್ಲಿ ಅಪ್ಪ ಬೆಳಿಗ್ಗೆ ತಂಪಿನಲ್ಲೇ ಅಂಗಡಿ ಸೇರಿಬಿಡುತ್ತಿದ್ದರು. ಮಧ್ಯಾಹ್ನದ ಬುತ್ತಿ ಅಲ್ಲಿಗೇ ಹೋಗುತ್ತಿತ್ತು. ಬ್ಯಾಂಕು, ಅಂಚೆ ಕಚೇರಿ, ತರಕಾರಿ, ಎಲ್ಲ ಒಂದೇ ಸುತ್ತಿನಲ್ಲಿ, ಸೈಕಲ್ ಮೇಲೆ. ಸೈಕಲ್ಲಿನ ಹಿಡಿಕೆಗೆ ಹಳೆ ಬನಿಯನ್ ಬಟ್ಟೆ ಸುತ್ತಿರುತ್ತಿದ್ದರು. ಸಂಜೆ ಮನೆಗೆ ಬಂದವರು ಹಿತ್ತಲಲ್ಲಿ ಬಕೆಟ್ ನೀರಿನಲ್ಲಿ ಕಾಲಿಟ್ಟು ಕೂರುತ್ತಿದ್ದರು. ಆಮೇಲೆ ಯಾರು ಕರೆದರೂ ಏಳುತ್ತಿರಲಿಲ್ಲ. “ಇವತ್ತಿಂದು ಮುಗೀತು” ಅನ್ನುತ್ತಿದ್ದರು. ಆ ದಿನದ ನಡಿಗೆ ಮುಗಿಯಿತು ಅಂತ. ಮದುವೆ, ಜಾತ್ರೆ, ಯಾರದೋ ಮನೆಯ ಗೃಹಪ್ರವೇಶ, ಏನಿದ್ದರೂ ಅಷ್ಟೇ. ನೆಂಟರು ಬೇಜಾರು ಮಾಡಿಕೊಳ್ಳುತ್ತಿದ್ದರು.

ಈ ಕಾಯಿಲೆಯ ಒಂದು ಗುಣವನ್ನು ಹೊರಗಿನವರಿಗೆ ತಿಳಿಸಿ ಹೇಳುವುದು ಬಹಳ ಕಷ್ಟ. ನಡೆಯುವಾಗ ನೋವಿರುವುದಿಲ್ಲ. ಮೊದಲು ಪಾದ ಸ್ವಲ್ಪ ಬೆಚ್ಚಗಾಗುತ್ತದೆ. ಆಮೇಲೆ ಚುರುಗುಟ್ಟುತ್ತದೆ. ಚುರುಗುಟ್ಟುವ ಹೊತ್ತಿಗೆ ಒಳಗೆ ಚರ್ಮ ಬಿಟ್ಟಾಗಿರುತ್ತದೆ. ಗುಳ್ಳೆ ಕಣ್ಣಿಗೆ ಕಾಣುವುದು ಇನ್ನೂ ಕೆಲವು ಗಂಟೆ ಕಳೆದ ಮೇಲೆ, ಕೆಲವು ಸಲ ಮರುದಿನ. ಅಂದರೆ ನಾವು ನಿಲ್ಲಬೇಕಾದದ್ದು ನೋವು ಶುರುವಾಗುವ ಮುಂಚೆ. ಕಾಲು ಚೆನ್ನಾಗಿರುವಾಗಲೇ, ಎಲ್ಲರ ಜೊತೆ ನಗುನಗುತ್ತ ಇರುವಾಗಲೇ, “ನಾನಿನ್ನು ನಡೆಯುವುದಿಲ್ಲ” ಅನ್ನಬೇಕು. ನೋಡುವವರಿಗೆ ಅದು ಸೋಮಾರಿತನ. ಇಲ್ಲವಾದರೆ ನಾಜೂಕು. ನಮ್ಮ ಜನರಲ್ಲಿ ತಡೆದುಕೊಳ್ಳುವವರಿಗೆ ಮರ್ಯಾದೆ ಜಾಸ್ತಿ. ಆದರೆ ಈ ಚರ್ಮ ಇರುವವರು ಒಂದು ಮಧ್ಯಾಹ್ನ ತಡೆದುಕೊಂಡರೆ ಮುಂದೆ ಎಷ್ಟೋ ದಿನ ಗೋಡೆ ಹಿಡಿದು ನಡೆಯುತ್ತಾರೆ. ಬೇಸಿಗೆಯಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಮುಂಚೆಯೇ ನಿಲ್ಲುವ ಅವಕಾಶ. ಈ ಬರಹದಲ್ಲಿ ನಾನು ಕೇಳುತ್ತಿರುವುದೂ ಅದನ್ನೇ.

ಬಿಸಿಗೂ ಗುಳ್ಳೆಗೂ ಇರುವ ಸಂಬಂಧ ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ. ಚರ್ಮದ ಮೇಲ್ಪದರದ ತಳದಲ್ಲಿ ಒಂದು ಸಾಲು ಜೀವಕೋಶಗಳಿವೆ. ಅವುಗಳಿಗೆ ಒಳಗಿನಿಂದ ಗಟ್ಟಿತನ ಕೊಡುವುದು ಕೆರಾಟಿನ್ 5, ಕೆರಾಟಿನ್ 14 ಎನ್ನುವ ಎರಡು ಪ್ರೋಟೀನುಗಳು. ಹಗ್ಗ ಹೊಸೆದ ಹಾಗೆ ಎರಡೂ ಜೊತೆಯಾಗಿ ಎಳೆಗಳಾಗುತ್ತವೆ. ಎರಡರಲ್ಲಿ ಒಂದರ ಜೀನ್‌ನಲ್ಲಿ ದೋಷ ಇದ್ದರೂ ಎಳೆ ಸೋಲುತ್ತದೆ. ಇ.ಬಿ. ಸಿಂಪ್ಲೆಕ್ಸ್‌ಗೆ ಕೆರಾಟಿನ್ ದೋಷ ಕಾರಣ ಅಂತ ಮೊದಲು ಕಂಡುಹಿಡಿದದ್ದು 1991ರಲ್ಲಿ. ಇಂಥ ಚರ್ಮ ಉಜ್ಜಿದಾಗ ಆ ತಳದ ಕೋಶಗಳೇ ಒಡೆಯುತ್ತವೆ, ಆ ಜಾಗದಲ್ಲಿ ನೀರು ತುಂಬುತ್ತದೆ. ಕಾಯಿಲೆ ಇರುವವರ ಚರ್ಮದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಬಿಸಿಗೆ ಒಡ್ಡಿಯೂ ನೋಡಿದ್ದಾರೆ. ಬಿಸಿಗೆ ಕೆರಾಟಿನ್ ಎಳೆಗಳ ಜಾಲ ಕುಸಿದು ಮುದ್ದೆಯಾಗುತ್ತದೆ. ಇದರ ಮೇಲೆ ಬೆವರು ಬೇರೆ. ಒದ್ದೆಯಾದ ಚರ್ಮ ಮೆತ್ತಗಾಗುತ್ತದೆ, ಶೂ ಒಳಗೆ ಹೆಚ್ಚು ಉಜ್ಜುತ್ತದೆ.

ಇದನ್ನು ಓದಿದ ದಿನ ಅಪ್ಪನ ಬಕೆಟ್ ನೆನಪಾಯಿತು. ಕೆರಾಟಿನ್ ಅನ್ನುವ ಹೆಸರನ್ನೇ ಕೇಳದ ಮನುಷ್ಯ ತನ್ನ ಚರ್ಮವನ್ನು ಎಷ್ಟು ಸರಿಯಾಗಿ ಓದಿಕೊಂಡಿದ್ದರು!

ಅಪ್ಪನ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ಯುಗಾದಿಗೆ ಮುಂಚೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಸಾವಿರಾರು ಜನ ಮಲ್ಲಯ್ಯನ ಹೆಸರು ಹೇಳುತ್ತ ರಾಯಚೂರು ಸೀಮೆ ದಾಟಿ, ಆಂಧ್ರದೊಳಗೆ ನಡೆದು, ನಲ್ಲಮಲ ಕಾಡು ಹತ್ತುತ್ತಾರೆ. ಕೆಲವರ ಹೆಗಲ ಮೇಲೆ ಕಂಬಿ. ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಎಷ್ಟೋ ಜನ ಬರಿಗಾಲಿನವರು. ಕಾಲ ನೋಡಿದರೆ ಮಾರ್ಚ್ ತಿಂಗಳು, ಡಾಂಬರು ಕಾಯುವ ಹೊತ್ತು. ದಾರಿಯ ಊರುಗಳಲ್ಲಿ ಜನ ಪೆಂಡಾಲು ಹಾಕಿ ಊಟ, ಮಜ್ಜಿಗೆ ಕೊಡುತ್ತಾರೆ. ಬಂದವರ ಕಾಲು ತೊಳೆಯುತ್ತಾರೆ, ಎಣ್ಣೆ ಹಚ್ಚಿ ತಿಕ್ಕುತ್ತಾರೆ.

ಅಪ್ಪನಿಗೆ ಆ ಯಾತ್ರೆ ಮಾಡುವ ಆಸೆ ಬಹಳ ಇತ್ತು. ಓಣಿಯ ಗೆಳೆಯರೆಲ್ಲ ನಡೆದು ಬಂದವರು. ಅಪ್ಪ ಬಸ್ಸಿನಲ್ಲಿ ಹೋಗಿ ದರ್ಶನ ಮಾಡಿದ್ದರು, ಅದು ಅವರ ಮನಸ್ಸಿಗೆ ಸಾಲಲಿಲ್ಲ. ನಮ್ಮ ಸೋದರತ್ತೆಯ ಊರು ಯಾತ್ರೆಯ ದಾರಿಯಲ್ಲಿತ್ತು. ಅಲ್ಲಿಯ ಪೆಂಡಾಲಿನ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂರತೊಡಗಿದರು. ಪಕ್ಕದಲ್ಲಿ ಕುದಿಸಿ ಆರಿಸಿದ ನೀರು, ಹತ್ತಿ, ಮೆಡಿಕಲ್ ಶಾಪಿನ ಸೂಜಿಗಳು, ಒಗೆದು ಇಸ್ತ್ರಿ ಮಾಡಿದ ಹಳೆ ಧೋತರದ ತುಂಡುಗಳು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗಿಲ್ಲ. ಗುಳ್ಳೆ ಎದ್ದ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ನಿಧಾನವಾಗಿ ಕೆಲಸ ಮಾಡುತ್ತಿದ್ದರು. ಯಾರಾದರೂ ಗುಳ್ಳೆಯ ಮೇಲಿನ ಚರ್ಮ ಕೀಳಲು ಹೋದರೆ ಸಿಟ್ಟು ಬರುತ್ತಿತ್ತು. “ತೊಗಲು ಕೀಳಬ್ಯಾಡ್ರಿ ಶರಣರ, ಅದ ನಿಮಗ ಔಷಧ.” ಇವತ್ತು ಇನ್ನೊಂದು ಊರು ದಾಟಿಯೇ ಮಲಗುತ್ತೇವೆ ಅನ್ನುವ ಹುಡುಗರಿಗೆ ಹೇಳುತ್ತಿದ್ದರು: “ಚುರುಚುರು ಅನ್ನೂಕಿಂತ ಮೊದಲ ಕುಂದರ್ರಿ. ಮಲ್ಲಯ್ಯ ಎಲ್ಲೂ ಹೋಗೂದಿಲ್ಲ.”

ನಾನು ಚಿಕ್ಕವಳಿದ್ದಾಗ ಅವರ ಪಕ್ಕ ಕೂತು ಬಟ್ಟೆಯ ತುಂಡು ಕತ್ತರಿಸಿ ಕೊಡುತ್ತಿದ್ದೆ. ಆ ಪೆಂಡಾಲಿನಲ್ಲಿ ಯಾರೂ ಅಪ್ಪನನ್ನು ನಾಜೂಕು ಅನ್ನಲಿಲ್ಲ. ಗುಳ್ಳೆಯ ವಿಷಯ ಅವರಷ್ಟು ತಿಳಿದವರು ಆ ದಾರಿಯಲ್ಲೇ ಇರಲಿಲ್ಲ. ಮರುವರ್ಷ ಬಂದವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು.

ಅಪ್ಪ ಮಾಡುತ್ತಿದ್ದದ್ದನ್ನೇ ಮುಂದೆ ಬೆಂಗಳೂರಿನ ಚರ್ಮದ ಡಾಕ್ಟರು ನನಗೆ ಬಿಡಿಸಿ ಹೇಳಿದರು. ಹೊಸ ಶೂ ಕಚ್ಚಿ ಏಳುವ ಸಾಮಾನ್ಯ ಗುಳ್ಳೆಯನ್ನು ಚಿಕ್ಕದಿದ್ದರೆ ಹಾಗೇ ಬಿಡಬಹುದು. ಇ.ಬಿ. ಗುಳ್ಳೆಯನ್ನು ಬಿಡುವ ಹಾಗಿಲ್ಲ. ಒಳಗಿನ ನೀರಿನ ಒತ್ತಡಕ್ಕೇ ಅಕ್ಕಪಕ್ಕದ ಚರ್ಮ ಬಿಡುತ್ತಾ ಗುಳ್ಳೆ ಅಗಲವಾಗುತ್ತದೆ. ಅದಕ್ಕೆ ಕೈ ತೊಳೆದು, ಸ್ಟೆರೈಲ್ ಸೂಜಿಯಿಂದ ಗುಳ್ಳೆಯ ಕೆಳಭಾಗದಲ್ಲಿ ಚುಚ್ಚಿ, ಗಾಜ್ ಒತ್ತಿ ನೀರು ಇಳಿಸಬೇಕು. ಮೇಲಿನ ಚರ್ಮವನ್ನು ಹಾಗೇ ಬಿಡಬೇಕು, ಅದೇ ಗಾಯಕ್ಕೆ ಹೊದಿಕೆ. ಮೇಲೆ ಅಂಟದ ಡ್ರೆಸ್ಸಿಂಗ್ ಇಟ್ಟು ಸಡಿಲವಾಗಿ ಬ್ಯಾಂಡೇಜ್ ಸುತ್ತಬೇಕು. ಅಂಟುಪಟ್ಟಿಯನ್ನು ಚರ್ಮಕ್ಕೆ ಹಚ್ಚಲೇಬಾರದು, ತೆಗೆಯುವಾಗ ಚರ್ಮವೂ ಬರುತ್ತದೆ. ಕೀವು, ವಾಸನೆ, ಸುತ್ತಲೂ ಹರಡುವ ಕೆಂಪು, ಜ್ವರ ಕಂಡರೆ ಮನೆಮದ್ದಿನ ಮಾತೇ ಇಲ್ಲ, ಡಾಕ್ಟರ ಹತ್ತಿರ ಹೋಗಬೇಕು. ಅರಿಶಿನ, ಬೂದಿ, ಟೂತ್‌ಪೇಸ್ಟ್ ಇವನ್ನೆಲ್ಲ ತೆರೆದ ಗಾಯಕ್ಕೆ ಒತ್ತುವುದನ್ನು ನೋಡಿದರೆ ನನಗೂ ಅಪ್ಪನಿಗೆ ಬರುತ್ತಿದ್ದ ಸಿಟ್ಟೇ ಬರುತ್ತದೆ.

ಹೆಸರು ಗೊತ್ತಾಗಲು ನಮಗೆ ಎರಡು ತಲೆಮಾರು ಹಿಡಿಯಿತು. ನನ್ನ ಬಾಲ್ಯದಲ್ಲಿ ತೋರಿಸಿದ ಕಡೆಯೆಲ್ಲ ಫಂಗಸ್ ಅಂತ ಮುಲಾಮು ಕೊಟ್ಟರು. ಸರ್ಪದೋಷ ಇರಬಹುದು ಅಂತ ಹಿರಿಯರು ಹೇಳಿದ್ದರಿಂದ ಅವ್ವ ಕುಕ್ಕೆಗೆ ಹೋಗಿ ಸೇವೆ ಮಾಡಿಸಿ ಬಂದಳು. ಅದರಿಂದ ಅವ್ವನಿಗೆ ಸಿಕ್ಕ ಸಮಾಧಾನವನ್ನು ನಾನು ಸಣ್ಣದು ಅನ್ನುವುದಿಲ್ಲ. ಆದರೆ ಅಷ್ಟೂ ವರ್ಷ ಕಾರಣ ಕೆರಾಟಿನ್‌ನಲ್ಲಿತ್ತು. ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಚರ್ಮದ ಬಯಾಪ್ಸಿ, ಜೀನ್ ಪರೀಕ್ಷೆ ಆದವು. ವರದಿ ಬಂದಾಗ ನನಗೆ ಭಯಕ್ಕಿಂತ ನೆಮ್ಮದಿ ಜಾಸ್ತಿ ಆಯಿತು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಹೆಸರನ್ನು ಕಾಗದದ ಮೇಲೆ ಕನ್ನಡದಲ್ಲಿ ಬರೆದುಕೊಂಡು ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದರಂತೆ.

ಇಲ್ಲಿ ಒಂದು ಎಚ್ಚರಿಕೆ. ಗುಳ್ಳೆ ಏಳುವ ಕಾಯಿಲೆ ಎಲ್ಲವೂ ಇ.ಬಿ. ಅಲ್ಲ. ಮಧ್ಯವಯಸ್ಸಿನಲ್ಲಿ ಹೊಸದಾಗಿ ಮೈಮೇಲೆ, ಬಾಯಿಯೊಳಗೆ ಗುಳ್ಳೆ, ಹುಣ್ಣು ಶುರುವಾದರೆ ಅದು ಪೆಂಫಿಗಸ್ ಇರಬಹುದು. ಅದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಚರ್ಮದ ಮೇಲೆ ತಿರುಗಿ ಬೀಳುತ್ತದೆ. ಸ್ಟೀರಾಯ್ಡ್, ರಿಟುಕ್ಸಿಮ್ಯಾಬ್‌ನಂಥ ಔಷಧಗಳಿವೆ, ತಡ ಮಾಡಿದರೆ ಜೀವಕ್ಕೇ ಅಪಾಯ. ಕಂಕುಳು, ತೊಡೆಸಂದಿಯಲ್ಲಿ ಬೇಸಿಗೆ ಬಂದಾಗಲೆಲ್ಲ ಚರ್ಮ ಬಿರಿದು ಉರಿಯುವ ಹೇಲಿ-ಹೇಲಿ ಅನ್ನುವ ಕಾಯಿಲೆಯೂ ಇದೆ. ಅದೂ ಮನೆತನದಲ್ಲಿ ಬರುವಂಥದ್ದು, ಅದನ್ನೂ ಎಷ್ಟೋ ವರ್ಷ ಫಂಗಸ್ ಅಂದುಕೊಂಡೇ ಇರುತ್ತಾರೆ.

ನಮ್ಮ ಬಗೆಯ ಇ.ಬಿ. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮದುವೆ ಮಾತಿನ ವೇಳೆ ಇದನ್ನು ಹೇಳುವುದು ಬೇಡ ಅಂತ ಬಹಳ ಜನ ನನಗೆ ಬುದ್ಧಿ ಹೇಳಿದರು. ನಾನು ಹೇಳಿದೆ. ಒಂದೆರಡು ಕಡೆ ಮಾತು ಅಲ್ಲಿಗೇ ನಿಂತಿತು. ನನ್ನ ಗಂಡನ ಅಮ್ಮ ಮಾತ್ರ ಎಲ್ಲ ಕೇಳಿಸಿಕೊಂಡು, “ಹಾಗಾದ್ರೆ ಧಾರೆ ದಿನ ನಿನಗೆ ಹೊಸ ಚಪ್ಪಲಿ ಬೇಡಮ್ಮ, ಹಳೇದೇ ಇರಲಿ” ಅಂದರು. ಮಗಳು ಹುಟ್ಟಿ ತೆವಳಲು ಶುರು ಮಾಡಿದಾಗ ಮಂಡಿಯ ಮೇಲೆ ಗುಳ್ಳೆ ಎದ್ದವು. ನಾನು ಅತ್ತುಬಿಟ್ಟೆ. ಗಂಡನ ಅಮ್ಮನೇ ಹಳೆ ಕಾಟನ್ ಸೀರೆ ಹರಿದು ಮೆತ್ತನೆಯ ಮಂಡಿಪಟ್ಟಿ ಹೊಲಿದರು.

ಈಗ ಮಗಳಿಗೆ ಹತ್ತು ವರ್ಷ. ಬೆಂಗಳೂರಿನ ಬೇಸಿಗೆ ರಾಯಚೂರಿನಷ್ಟು ಉರಿಯುವುದಿಲ್ಲ, ಆದರೂ ಅವಳ ಕಾಲಿಗೆ ಸಾಕಾಗುವಷ್ಟು ಸೆಕೆ ಇದೆ. ಬೆಳಿಗ್ಗೆ ಕಾಲುಚೀಲ ಹಾಕುವ ಮುಂಚೆ ಪಾದಕ್ಕೆ ಕಾರ್ನ್‌ಫ್ಲೋರ್ ಹಚ್ಚುತ್ತೇವೆ, ಬೆವರು ಹೀರಲಿ, ಉಜ್ಜುವುದು ಕಡಿಮೆಯಾಗಲಿ ಅಂತ. ಚರ್ಮ ಒಡೆದಿದ್ದರೆ ಹಚ್ಚುವುದಿಲ್ಲ. ಶಾಲೆಯ ಚೀಲದಲ್ಲಿ ಇನ್ನೊಂದು ಜೊತೆ ಕಾಲುಚೀಲ ಇರುತ್ತದೆ, ಮಧ್ಯಾಹ್ನ ಊಟದ ಹೊತ್ತಿಗೆ ಬದಲಾಯಿಸುತ್ತಾಳೆ. ಬೆವರು ತಗ್ಗಿಸುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ಕೆಲವರಿಗೆ ಒಗ್ಗುತ್ತದೆ. ನನಗೆ ಉರಿಯಿತು, ಬಿಟ್ಟೆ. ಅಂಗಾಲಿಗೆ ಬೊಟುಲಿನಂ ಟಾಕ್ಸಿನ್ ಇಂಜೆಕ್ಷನ್ ಕೊಟ್ಟು ಬೆವರನ್ನೇ ಕಡಿಮೆ ಮಾಡುವ ದಾರಿಯೂ ಇದೆ. ಕೆಲವರಿಗೆ ಅದರಿಂದ ನೋವು, ಗುಳ್ಳೆ ಎರಡೂ ತಗ್ಗಿವೆ. ಅಂಗಾಲಿಗೆ ಸೂಜಿ ಚುಚ್ಚಿಸಿಕೊಳ್ಳುವುದೇ ದೊಡ್ಡ ನೋವು, ಕೆಲವು ತಿಂಗಳಿಗೆ ಮತ್ತೆ ಮಾಡಿಸಬೇಕು. ಮಗಳಿಗೆ ಸದ್ಯಕ್ಕೆ ಬೇಡ ಅಂತ ನಮ್ಮ ತೀರ್ಮಾನ.

ದೇವಸ್ಥಾನಕ್ಕೆ ಹೋಗುವುದಿದ್ದರೆ ಸೂರ್ಯ ಏರುವ ಮುಂಚೆ. ಊರಿಗೆ ಹೋದಾಗ ಮಂತ್ರಾಲಯಕ್ಕೂ ಹಾಗೇ ಹೋಗುತ್ತೇವೆ. ಈಗ ಹಲವು ದೇವಸ್ಥಾನಗಳಲ್ಲಿ ಬೇಸಿಗೆಗೆ ಚಾಪೆ ಹಾಸುತ್ತಾರೆ, ಕಲ್ಲಿನ ಮೇಲೆ ಬಿಸಿ ತಗ್ಗಿಸುವ ಬಿಳಿ ಬಣ್ಣ ಬಳಿಯುತ್ತಾರೆ. ಅದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ. ನಮ್ಮಂಥವರಿಗಷ್ಟೇ ಅಲ್ಲ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದ ಅಜ್ಜ ಅಜ್ಜಿಯರಿಗೂ ಅದು ಎಷ್ಟು ಮುಖ್ಯ!

ಶಾಲೆಯದೇ ಕಷ್ಟದ ಭಾಗ. ಮಗಳು ಹಿಂದೆ ಓದುತ್ತಿದ್ದ ಶಾಲೆಯಲ್ಲಿ ಪಿ.ಟಿ. ಕ್ಲಾಸಿನಲ್ಲಿ ಅವಳು ಅರ್ಧಕ್ಕೆ ಕೂತರೆ ನೆಪ ಅಂದುಕೊಂಡರು. ಮೈದಾನ ಸುತ್ತು ಹಾಕಿಸಿದರು. ಮರುದಿನ ಅವಳು ಮಂಡಿಯ ಮೇಲೆ ತೆವಳಿಕೊಂಡು ಬಚ್ಚಲಿಗೆ ಹೋದಳು. ಡಾಕ್ಟರ ಚೀಟಿ ತೋರಿಸಿದರೂ ಅಂಗವಿಕಲರ ಸರ್ಟಿಫಿಕೇಟ್ ಇದೆಯಾ ಅಂತ ಕೇಳಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳ ಪಟ್ಟಿ ಇದೆ, ಅದರಲ್ಲಿ ಇ.ಬಿ. ಹೆಸರಿಲ್ಲ. ಮೈಯೆಲ್ಲ ಗಾಯದಲ್ಲಿ ಬದುಕುವ ಮಕ್ಕಳ ಕಾಯಿಲೆಯ ಹೆಸರೂ ಅಲ್ಲಿಲ್ಲ ಅನ್ನುವುದು ನನಗೆ ನುಂಗಲಾಗದ ಮಾತು. ಆದರೆ ಬಿಸಿಲಿನಲ್ಲಿ ಒಂದು ಮಗು ಕೂತುಕೊಳ್ಳಲು ಸರ್ಟಿಫಿಕೇಟ್ ಯಾಕೆ ಬೇಕು? ಈಗಿನ ಶಾಲೆಗೆ ಒಂದು ಪುಟದ ಪತ್ರ ಕೊಟ್ಟಿದ್ದೇವೆ. ಕಾಯಿಲೆಯ ಹೆಸರು, ಅಂಟುವುದಿಲ್ಲ ಅನ್ನುವುದು, ಕ್ಯಾನ್ವಾಸ್ ಶೂಗೆ ಅನುಮತಿ, ಕೇಳದೆಯೇ ಕೂರುವ ಅನುಮತಿ. ಕ್ಲಾಸ್ ಟೀಚರ್ ಅದನ್ನು ಪಿ.ಟಿ. ಮಾಸ್ತರರಿಗೂ ಓದಿ ಹೇಳಿದರು.

ಔಷಧದ ವಿಷಯದಲ್ಲಿ ಆಸೆ ಇಟ್ಟುಕೊಂಡಿದ್ದೇನೆ. ಡಿಸ್ಟ್ರೋಫಿಕ್ ಅನ್ನುವ ಕಠಿಣ ಬಗೆಯ ಇ.ಬಿ. ಗಾಯಕ್ಕೆ ಹಚ್ಚುವ ಜೀನ್ ಚಿಕಿತ್ಸೆಯ ಜೆಲ್‌ಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಸಿಂಪ್ಲೆಕ್ಸ್ ಬಗೆಗೆ ಅದು ಅಲ್ಲ. ಬ್ರಿಟನ್ನಿನಲ್ಲಿ ಇಂಥ ಮಗುವಿನ ತಾಯಿಯೊಬ್ಬರು 1978ರಲ್ಲಿ ಶುರು ಮಾಡಿದ ಡೆಬ್ರಾ ಸಂಸ್ಥೆ ಇಂದು ಹಲವು ದೇಶಗಳಲ್ಲಿದೆ. ಒಬ್ಬ ತಾಯಿ ಕೇಳಿದ್ದರಿಂದ ಇಷ್ಟು ದೂರ ಬಂದಿದೆ ಅಂದರೆ ಕೇಳುತ್ತಲೇ ಇರಬೇಕು.

ಮಗಳು ಈ ರಜೆಗೆ ಈಜು ಕಲಿಯುತ್ತೇನೆ ಅಂದಳು. ಒಳ್ಳೆಯದೇ. ನೀರಿನಲ್ಲಿ ಪಾದಕ್ಕೆ ಭಾರವಿಲ್ಲ, ಸೆಕೆ ಇಲ್ಲ. ಕೊಳದ ಅಂಚು ಮಾತ್ರ ಒರಟು, ಅದಕ್ಕೆ ನೀರಿನಲ್ಲಿ ಹಾಕುವ ಮೆತ್ತನೆಯ ಶೂ ತಂದೆವು. ಕೋಚ್ ಹತ್ತಿರ ನಾನು ಮಾತಾಡಲು ಹೊರಟೆ. ಅವಳು ನನ್ನನ್ನು ತಡೆದು ತಾನೇ ಮುಂದೆ ಹೋದಳು. “ಸರ್, ನನ್ನ ಕಾಲಿಗೆ ಬೇಗ ಗುಳ್ಳೆ ಬರುತ್ತೆ. ನೋವಾಗೋ ಮುಂಚೆನೇ ನಾನು ನಿಲ್ಲಿಸಿಬಿಡ್ತೀನಿ. ಆವಾಗ ಯಾಕೆ ಅಂತ ಕೇಳ್ಬೇಡಿ, ಮಾರನೇ ದಿನ ಮತ್ತೆ ಬರ್ತೀನಿ.” ಕೋಚ್ ಆಗಲಿ ಅಂದರು. ಬೆಳಿಗ್ಗೆ ಆರೂವರೆಯ ಬ್ಯಾಚು, ಸೋಮವಾರದಿಂದ.